ಉತ್ತರಾಯಣದ ಪತಂಗ: ಕಟ್ಟುವ ಕ್ರಮ, ಕಾದಾಟದ ರೀತಿ

ಕನ್ನಡದಲ್ಲಿ 'ಪತಂಗ' ಎಂದರೆ ದೀಪಕ್ಕೆ ಮುತ್ತುವ ಹುಳು. ಸಂಸ್ಕೃತದಲ್ಲಿ ಅದೇ ಶಬ್ದಕ್ಕೆ ಹಕ್ಕಿ, ಸೂರ್ಯ ಎಂಬ ಅರ್ಥಗಳೂ ಉಂಟು. ಗುಜರಾತಿಯಲ್ಲಿ ಅದು ನಮ್ಮ ಗಾಳಿಪಟ. ಸೂರ್ಯನ ಪಥ ಬದಲಾಗುವ ದಿನದಂದು ಹಕ್ಕಿಯ ಹಾಗೆ ಆಕಾಶಕ್ಕೇರಿ, ಕೊನೆಗೆ ಹುಳುವಿನಂತೆ ಉದುರಿ ಬೀಳುವ ಈ ಕಾಗದದ ವಸ್ತುವಿಗೆ ಮೂರೂ ಅರ್ಥಗಳು ಹೊಂದುತ್ತವೆ.

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಉತ್ತರಾಯಣವು ಹೊಸದೇನಲ್ಲ. ಮಣಿನಗರದ ನಮ್ಮ ತಾರಸಿಗಳಲ್ಲಿ ಜನವರಿ 14ರಂದು ಒಂದು ಕೈಯಲ್ಲಿ ಎಳ್ಳುಬೆಲ್ಲದ ತಟ್ಟೆ, ಇನ್ನೊಂದು ಕೈಯಲ್ಲಿ ಫಿರ್ಕಿ ಇರುವುದು ಸಾಮಾನ್ಯ ದೃಶ್ಯವೇ. ಆದರೂ ಪತಂಗ ಹೇಗೆ ಹಾರುತ್ತದೆ, ಅದನ್ನು ಕಟ್ಟುವವರು ಯಾರು, ಪೇಚಿನಲ್ಲಿ ಗೆಲ್ಲುವುದು ಯಾವುದರಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸೂತ್ರ ಕಟ್ಟಿಯೇ ಮಾರುವ ಪತಂಗ, ಸುತ್ತಿಯೇ ಮಾರುವ ದಾರ ಮನೆಗೆ ಬರುತ್ತಿರುವುದರಿಂದ, ಗೆಲುವು ಇರುವುದು ದಾರದ ಹರಿತದಲ್ಲಿ ಎಂದು ಮಕ್ಕಳು ನಂಬುತ್ತಿದ್ದಾರೆ. ಈ ನಂಬಿಕೆಯ ಬೆಲೆಯನ್ನು ಹಕ್ಕಿಗಳ ರೆಕ್ಕೆ, ದ್ವಿಚಕ್ರ ವಾಹನ ಸವಾರರ ಕೊರಳು ತೆರುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಎರಡು ನಾಡು, ಎರಡು ಗಾಳಿ

ಹಳೆಯ ಮೈಸೂರು ಸೀಮೆಯಿಂದ ಬಂದವರಿಗೆ ಮೊದಲ ವರ್ಷ ಒಂದು ಸಂದೇಹ ಬಂದೇ ಬರುತ್ತದೆ: ಗಾಳಿಪಟ ಆಷಾಢದ ಆಟವಲ್ಲವೇ, ಸಂಕ್ರಾಂತಿಗೂ ಅದಕ್ಕೂ ಏನು ಸಂಬಂಧ? ಊರಿನಲ್ಲಿ ಸಂಕ್ರಾಂತಿಯೆಂದರೆ ಎಳ್ಳುಬೆಲ್ಲ, ಕಬ್ಬು, ದನಗಳಿಗೆ ಕಿಚ್ಚು ಹಾಯಿಸುವುದು. ಗಾಳಿಪಟದ ಕಾಲ ಬರುವುದು ಆಷಾಢದಲ್ಲಿ. ನೇಕಾರರ ಊರಾದ ದೊಡ್ಡಬಳ್ಳಾಪುರದಲ್ಲಂತೂ ಆಷಾಢದ ಗಾಳಿಪಟ ಇಂದಿಗೂ ಊರ ಹಬ್ಬವೇ. ಅಲ್ಲಿ ಸ್ಪರ್ಧೆಗಳು ನಡೆಯುತ್ತವೆ, ಆಳೆತ್ತರದ ಪಟಗಳು ಏರುತ್ತವೆ.

ಈ ವ್ಯತ್ಯಾಸಕ್ಕೆ ಕಾರಣ ಪಂಚಾಂಗವಲ್ಲ, ಗಾಳಿ. ಆಷಾಢದಲ್ಲಿ ನೈಋತ್ಯ ಮಾರುತವು ಪಶ್ಚಿಮ ಘಟ್ಟದ ಮೇಲೆ ಮಳೆ ಸುರಿಸಿ, ಹಗುರಾಗಿ, ಬಯಲುಸೀಮೆಯ ಮೇಲೆ ದಿನವಿಡೀ ಬಲವಾಗಿ ಬೀಸುತ್ತದೆ. ಮಳೆ ಕಡಿಮೆ, ಗಾಳಿ ಹೆಚ್ಚು; ಪಟಕ್ಕೆ ಇನ್ನೇನು ಬೇಕು? ಗುಜರಾತಿನಲ್ಲಿ ಅದೇ ತಿಂಗಳು ಮಳೆಯ ತಿಂಗಳು. ಕಾಗದ ನೆನೆದು ಅಂಟು ಬಿಡುತ್ತದೆ. ಇಲ್ಲಿ ಆಕಾಶ ತಿಳಿಯಾಗಿ, ಗಾಳಿ ಒಣಗಿ, ಉತ್ತರ ಮತ್ತು ಈಶಾನ್ಯ ದಿಕ್ಕುಗಳಿಂದ ಹದವಾಗಿ ಬೀಸುವುದು ಚಳಿಗಾಲದಲ್ಲಿ. ಹಾಗಾಗಿ ಪತಂಗವು ಸಂಕ್ರಾಂತಿಗೆ ಅಂಟಿಕೊಂಡಿತು. ಈ ಹದದ ಗಾಳಿಯೂ ಪ್ರತಿ ವರ್ಷ ಕೈಹಿಡಿಯುತ್ತದೆಂದಲ್ಲ. ಹಬ್ಬದ ಮುನ್ನಾದಿನ ಇಲ್ಲಿನ ದಿನಪತ್ರಿಕೆಗಳು ಗಾಳಿಯ ವೇಗದ ಮುನ್ಸೂಚನೆಯನ್ನು ಮುಖಪುಟದಲ್ಲಿ ಪ್ರಕಟಿಸುವುದನ್ನು ಕಂಡರೆ, ಬೇರೆ ಊರಿನವರಿಗೆ ಇದೇನು ಹಡಗಿನವರ ಪಟ್ಟಣವೋ ಎನಿಸೀತು.

ಪ್ರಸಂಗವಶಾತ್ ಇನ್ನೊಂದು ಮಾತು. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಮಕರ ರಾಶಿಯ ಪ್ರವೇಶವೂ ಈ ತಿರುವೂ ಒಂದೇ ದಿನ ಕೂಡಿದ್ದು ಸುಮಾರು 1700 ವರ್ಷಗಳ ಹಿಂದೆ. ಭೂಮಿಯ ಅಕ್ಷವು ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಎರಡೂ ದೂರವಾಗುತ್ತ ಬಂದಿವೆ. ಕೆಲವು ವರ್ಷ ನಮ್ಮ ಪಂಚಾಂಗದಲ್ಲಿ ಸಂಕ್ರಾಂತಿ 15ಕ್ಕೆ ಬರುವುದೂ ಇದರ ಫಲವೇ. 2024ರಲ್ಲಿ ಹಾಗೇ ಆಯಿತು. ಗುಜರಾತಿಗಳು ಮಾತ್ರ 14ನ್ನು ಬಿಡುವವರಲ್ಲ. ಅದೃಷ್ಟಕ್ಕೆ 15ನ್ನೂ 'ವಾಸಿ ಉತ್ತರಾಯಣ'ವೆಂದು, ಅಂದರೆ ತಂಗಳು ಹಬ್ಬವೆಂದು, ಅವರು ಪೂರ್ತಿಯಾಗಿ ಆಚರಿಸುವುದರಿಂದ ನಮ್ಮ ಮನೆಗಳಲ್ಲಿ ಪೂಜೆಗೂ ಪತಂಗಕ್ಕೂ ಜಗಳವಾಗುವ ಪ್ರಸಂಗ ಬರುವುದಿಲ್ಲ.

ಎರಡು ಕಡ್ಡಿ, ಒಂದು ಕಾಗದ

ನಮ್ಮ ಊರಿನ ಗಾಳಿಪಟಕ್ಕೆ ಬಾಲಂಗೋಚಿ ಉಂಟು. ಬಟ್ಟೆಯ ಚೂರೋ ಕಾಗದದ ಸರಪಳಿಯೋ ಆದ ಈ ಬಾಲವು ಗಾಳಿಯಲ್ಲಿ ಎಳೆದುಕೊಂಡು ಪಟದ ತಲೆಯನ್ನು ಮೇಲ್ಮುಖವಾಗಿ ಹಿಡಿದಿರುತ್ತದೆ. ಅದರಿಂದ ಪಟಕ್ಕೆ ಸ್ಥೈರ್ಯ ಬರುತ್ತದೆ, ಚುರುಕು ಹೋಗುತ್ತದೆ. ಗುಜರಾತಿನ ಪತಂಗಕ್ಕೆ ಬಾಲವಿಲ್ಲ. ತುದಿಯಲ್ಲಿ ಪುಟ್ಟ ತ್ರಿಕೋನ ಕಾಗದವೊಂದನ್ನು ಅಂಟಿಸಿರುತ್ತಾರೆ, ಅಷ್ಟೇ. ಬಾಲದ ಕೆಲಸವನ್ನೆಲ್ಲ ಇಲ್ಲಿ ಎರಡು ಬಿದಿರ ಕಡ್ಡಿಗಳು ಮಾಡಬೇಕು.

ಮೇಲಿಂದ ಕೆಳಕ್ಕೆ ನೇರವಾಗಿ ಹೋಗುವ ಕಡ್ಡಿಗೆ ಗುಜರಾತಿಯಲ್ಲಿ 'ಢಢ್ಢೋ' ಎನ್ನುತ್ತಾರೆ; ನಾವು ಬೆನ್ನುಕಡ್ಡಿ ಎನ್ನಬಹುದು. ಅಡ್ಡಲಾಗಿ ಬಿಲ್ಲಿನಂತೆ ಬಾಗಿರುವುದು 'ಕಮಾನ್'. ಬೆನ್ನುಕಡ್ಡಿ ಚಪ್ಪಟೆಯಾಗಿ, ಸ್ವಲ್ಪ ಗಡುಸಾಗಿರಬೇಕು. ಕಮಾನು ನಡುವೆ ದಪ್ಪವಾಗಿ, ಎರಡು ತುದಿಗಳತ್ತ ಒಂದೇ ಸಮನಾಗಿ ತೆಳುವಾಗುತ್ತ ಹೋಗಬೇಕು. ಎಡದ ತುದಿಗಿಂತ ಬಲದ ತುದಿ ಕೂದಲೆಳೆಯಷ್ಟು ದಪ್ಪವಾದರೂ ಪತಂಗ ಒಂದು ಕಡೆಗೆ ವಾಲುತ್ತದೆ. ಬಿದಿರ ಗಿಣ್ಣು ಕಮಾನಿನಲ್ಲಿ ಬಂದರೆ ಅದು ಸಮನಾಗಿ ಬಾಗುವುದಿಲ್ಲ. ಕುಶಲಿಗಳು ಕಡ್ಡಿಯನ್ನು ಎರಡು ಬೆರಳಿನ ನಡುವೆ ಬಾಗಿಸಿ ನೋಡಿಯೇ ಅದರ ಗುಣ ಹೇಳುತ್ತಾರೆ. ಕಾಗದ ತೀರ ತೆಳು. ಒಳ್ಳೆಯ ಪತಂಗಗಳಲ್ಲಿ ಅಂಚನ್ನು ಮಡಿಸಿ, ಒಳಗೆ ಸಣ್ಣ ದಾರವೊಂದನ್ನು ಇಟ್ಟು ಅಂಟಿಸಿರುತ್ತಾರೆ. ಗಾಳಿಯ ಹೊಡೆತಕ್ಕೆ ಅಂಚು ಹರಿಯದಿರಲೆಂದು.

ಒಂದು ಪತಂಗವನ್ನು ಒಬ್ಬರೇ ಪೂರ್ತಿಯಾಗಿ ಮಾಡುವುದು ಅಪರೂಪ. ಕಾಗದ ಕತ್ತರಿಸುವವರು, ಕಡ್ಡಿ ಸೀಳಿ ನಯಮಾಡುವವರು, ಬೆನ್ನುಕಡ್ಡಿ ಅಂಟಿಸುವವರು, ಕಮಾನು ಕೂರಿಸುವವರು, ಅಂಚು ಮಡಿಸುವವರು ಹೀಗೆ ಆರೇಳು ಕೈ ದಾಟಿ ಅದು ಅಂಗಡಿಗೆ ಬರುತ್ತದೆ. ಅಹಮದಾಬಾದಿನ ಜಮಾಲ್ಪುರ ಮೊದಲಾದ ಹಳೆಯ ಬಡಾವಣೆಗಳಲ್ಲಿ ಈ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದವರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು; ಅವರಲ್ಲಿಯೂ ಮನೆಯಲ್ಲಿಯೇ ಕುಳಿತು ಬಿಡಿ ಲೆಕ್ಕದ ಕೂಲಿಗೆ ಅಂಟಿಸುವ ಹೆಂಗಸರು ಬಹಳ. ಖಂಭಾತ್ ಪಟ್ಟಣದ ಪತಂಗಗಳಿಗೆ ಬೇರೆಯೇ ಹೆಸರಿದೆ. ಎರಡು ದಿನದ ಹಬ್ಬಕ್ಕೆ ವರ್ಷದ ಬಹುಭಾಗ ಕೆಲಸ ನಡೆಯುತ್ತದೆ; ತಾರಸಿಯ ಮೇಲೆ ಹಬ್ಬ ಮಾಡುವವರ ಸಂತೋಷ ಮತ್ತು ಈ ಮನೆಗಳ ಅನ್ನ ಒಂದೇ ದಾರದ ಎರಡು ತುದಿಗಳಾಗಿವೆ. ಮಾರಾಟದ ಲೆಕ್ಕ ಡಜನಿನದಲ್ಲ, 'ಕೋಡಿ'ಯದು: 20 ಪತಂಗಕ್ಕೆ ಒಂದು ಕೋಡಿ. ರಾಯಪುರ ದರವಾಜಾ, ದಿಲ್ಲಿ ಚಕಲಾಗಳಲ್ಲಿ ಹಬ್ಬದ ಹಿಂದಿನ ರಾತ್ರಿ ಅಂಗಡಿ ಮುಚ್ಚುವುದೇ ಇಲ್ಲ. ವಡೋದರದವರು ಗೇಂಡಿಗೇಟಿಗೂ ಸೂರತ್ತಿನವರು ದಬ್ಗರವಾಡಕ್ಕೂ ಹೋಗುತ್ತಾರೆ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ, ಪತಂಗವನ್ನು ಬೆಳಕಿಗೆ ಹಿಡಿದು ಬೆನ್ನುಕಡ್ಡಿ ನೇರವಿದೆಯೇ, ಕಮಾನಿನ ಎರಡು ಭುಜಗಳು ಸಮವಾಗಿವೆಯೇ ಎಂದು ನೋಡಬೇಕು. ಕೆಲವರು ಪತಂಗವನ್ನು ತಲೆಯ ಮೇಲಿಟ್ಟು ಮೆಲ್ಲನೆ ಬಾಗಿಸುವುದನ್ನು ಕಂಡಿರಬಹುದು. ಅದು ಶಾಸ್ತ್ರವಲ್ಲ, ಬೆನ್ನುಕಡ್ಡಿಗೆ ಬೇಕಾದ ಸ್ವಲ್ಪ ಬಾಗನ್ನು ಕೊಡುವ ಉಪಾಯ.

ಸೂತ್ರವೇ ಸರ್ವಸ್ವ

ಪತಂಗದ ಮೈಗೆ ಕಟ್ಟುವ, ಹಾರಿಸುವ ದಾರವನ್ನು ಗಂಟು ಹಾಕುವ ಆ ಚಿಕ್ಕ ಕವಲುದಾರಕ್ಕೆ ಗುಜರಾತಿಯಲ್ಲಿ 'ಕಿನ್ನಾ' ಎಂದು ಹೆಸರು. ನಮ್ಮಲ್ಲಿ ಅದು ಸೂತ್ರ. ಈ ವಿದ್ಯೆಯ ತಿರುಳು ಇರುವುದು ಇಲ್ಲಿಯೇ. ಇದನ್ನು ಅಂಗಡಿಯವರಿಗೆ ಬಿಟ್ಟುಕೊಟ್ಟದ್ದೇ ಮಕ್ಕಳಿಗಾದ ದೊಡ್ಡ ನಷ್ಟವೆಂದು ನಮ್ಮ ಅಭಿಪ್ರಾಯ.

ಕಟ್ಟುವ ಕ್ರಮ ಕಷ್ಟದ್ದಲ್ಲ. ಬೆನ್ನುಕಡ್ಡಿಯೂ ಕಮಾನೂ ಕೂಡುವ ಜಾಗದಲ್ಲಿ, ಕೂಡುಗೆರೆಯ ಎದುರುಬದುರು ಮೂಲೆಗಳಲ್ಲಿ ಎರಡು ಸಣ್ಣ ತೂತು. ಬೆನ್ನುಕಡ್ಡಿಯ ಕೆಳತುದಿಯಿಂದ ಕೆಲವು ಬೆರಳು ಮೇಲೆ, ಕಡ್ಡಿಯ ಎರಡು ಪಕ್ಕದಲ್ಲಿ ಇನ್ನೆರಡು ತೂತು. ಗಾಜು ಹಚ್ಚದ ಸಾದಾ ಹತ್ತಿ ದಾರವನ್ನು ಜೋಡಿ ಎಳೆಯಾಗಿ ಮೇಲಿನ ತೂತುಗಳಲ್ಲಿ ತೂರಿಸಿ ಕಡ್ಡಿಗಳಿಗೆ ಬಿಗಿಯಬೇಕು, ಕೆಳಗೂ ಹಾಗೆಯೇ. ಎರಡು ಕವಲುಗಳನ್ನು ಪತಂಗದ ಮುಂಭಾಗದಲ್ಲಿ ಒಟ್ಟು ಸೇರಿಸಿ, ಉದ್ದ ನೋಡಿಕೊಂಡು ಗಂಟು ಹಾಕಬೇಕು. ಸಾಮಾನ್ಯವಾಗಿ ಮೇಲಿನ ಕವಲು, ಕೆಳಗಿನ ಕವಲು ಸಮನಾಗಿರುತ್ತವೆ, ಇಲ್ಲವೇ ಕೆಳಗಿನದು ಅರ್ಧ ಬೆರಳಿನಷ್ಟು ಉದ್ದವಿರುತ್ತದೆ.

ಆ ಅರ್ಧ ಬೆರಳಿನಲ್ಲಿ ಏನಿದೆ ಎಂದು ಕೇಳಿದರೆ, ಎಲ್ಲವೂ ಇದೆ. ಮೇಲಿನ ಕವಲು ಚಿಕ್ಕದಾದಷ್ಟೂ ಪತಂಗ ತಲೆಯನ್ನು ಗಾಳಿಯತ್ತ ಚಾಚಿ ಮಲಗಿಕೊಳ್ಳುತ್ತದೆ. ಗಾಳಿಯನ್ನು ಸೀಳಿ ಬೇಗ ಮೇಲೇರುತ್ತದೆ, ಕೈಗೆ ಎಳೆತ ಕಡಿಮೆ. ಕೆಳಗಿನ ಕವಲು ಚಿಕ್ಕದಾದರೆ ಪತಂಗ ಎದೆಯೊಡ್ಡಿ ನಿಲ್ಲುತ್ತದೆ. ಕೈಯನ್ನು ಬಲವಾಗಿ ಎಳೆಯುತ್ತದೆ, ಆದರೆ ಏರುವುದಿಲ್ಲ. ಅತಿಯಾದರೆ ಮೊದಲನೆಯದು ಪಟಪಟನೆ ಬಡಿದುಕೊಂಡು ಕುಸಿಯುತ್ತದೆ, ಎರಡನೆಯದು ಬಿರುಗಾಳಿಗೆ ಕಡ್ಡಿ ಮುರಿದುಕೊಳ್ಳುತ್ತದೆ. ಬೆಳಗಿನ ಗಾಳಿಗೆ ಸರಿಯಾದ ಗಂಟು ಮಧ್ಯಾಹ್ನದ ಗಾಳಿಗೆ ಸರಿಹೋಗದಿರಬಹುದು. ಬಲ್ಲವರು ದಿನದಲ್ಲಿ ಎರಡು ಮೂರು ಸಲ ಗಂಟು ಬದಲಿಸುತ್ತಾರೆ.

ಕಟ್ಟಿದ ಮೇಲೆ ಗಂಟಿನಲ್ಲಿ ಹಿಡಿದು ಪತಂಗವನ್ನು ತೂಗಬಿಟ್ಟು, ಯಾವ ಭುಜ ಇಳಿಯುತ್ತದೆ ನೋಡಬೇಕು. ಇಳಿದ ಕಡೆ ಭಾರವೆಂದು ಅರ್ಥ. ಎದುರಿನ ಭುಜದ ತುದಿಯಲ್ಲಿ ಕಾಗದದ ಒಂದು ಸಣ್ಣ ಸುರುಳಿ ಅಥವಾ ದಾರದ ಚೂರು ಕಟ್ಟಿದರೆ ಸರಿಹೋಗುತ್ತದೆ. ಎಂಟು ಹತ್ತು ವರ್ಷದ ಮಗುವಿಗೆ ತಕ್ಕಡಿಯ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಸಾಧನ ನಮಗೆ ಗೊತ್ತಿಲ್ಲ.

ಇನ್ನು, ಬಾಲವಿಲ್ಲದ ಪತಂಗವನ್ನು ಒಂದೇ ದಾರದಿಂದ ಎಡಕ್ಕೂ ಬಲಕ್ಕೂ ತಿರುಗಿಸುವುದು ಹೇಗೆ? ದಾರವನ್ನು ಎಳೆದಾಗ ಗಾಳಿಯ ಒತ್ತಡಕ್ಕೆ ಕಮಾನಿನ ಎರಡು ತುದಿಗಳು ಹಿಂದಕ್ಕೆ ಬಾಗುತ್ತವೆ. ಆಗ ಪತಂಗದ ಮೈ ದೋಣಿಯ ತಳದಂತಾಗಿ, ಸ್ಥಿರವಾಗಿ, ತಲೆಯಿರುವ ದಿಕ್ಕಿಗೆ ನೇರವಾಗಿ ನುಗ್ಗುತ್ತದೆ. ಎಳೆತ ಸಡಿಲಿಸಿದೊಡನೆ ಕಮಾನು ಬಿಚ್ಚಿಕೊಂಡು ಮೈ ಚಪ್ಪಟೆಯಾಗುತ್ತದೆ, ಸ್ಥೈರ್ಯ ತಪ್ಪಿ ಅಲ್ಲಿಯೇ ಗಿರಗಿರನೆ ತಿರುಗತೊಡಗುತ್ತದೆ. ತಲೆ ಬೇಕಾದ ದಿಕ್ಕಿಗೆ ಬಂದ ಕ್ಷಣದಲ್ಲಿ ಮತ್ತೆ ಎಳೆದರೆ ಆ ದಿಕ್ಕಿಗೆ ಹೊರಡುತ್ತದೆ. ಸಡಿಲ ಬಿಡುವುದು ತಿರುಗಿಸಲು, ಎಳೆಯುವುದು ನಡೆಸಲು. ತಾರಸಿಯ ಮೇಲೆ ನಿಂತ ಹಿರಿಯರ ಬೆರಳುಗಳು ಸುಮ್ಮನೆ ಚಿಮ್ಮುತ್ತಿರುವಂತೆ ಕಂಡರೂ ಅವು ಮಾಡುವುದು ಇದನ್ನೇ.

ಮಾಂಜಾ ಮತ್ತು ಪೇಚು

ಡಿಸೆಂಬರ್ ಬಂತೆಂದರೆ ಅಹಮದಾಬಾದಿನ ರಸ್ತೆಗಳ ಪಕ್ಕದಲ್ಲಿ ಸಾಲಾಗಿ ಗೂಟ ನೆಟ್ಟು, ಅವುಗಳ ನಡುವೆ ಗುಲಾಬಿ ಬಣ್ಣದ ದಾರ ಎಳೆದು ಒಣಗಿಸುವ ಕುಟುಂಬಗಳು ಕಾಣುತ್ತವೆ. ಇವರಲ್ಲಿ ಅನೇಕರು ಉತ್ತರ ಪ್ರದೇಶದಿಂದ, ಅದರಲ್ಲೂ ಮಾಂಜಾಕ್ಕೆ ಹೆಸರಾದ ಬರೇಲಿಯ ಕಡೆಯಿಂದ, ಈ ಒಂದು ಹಂಗಾಮಿಗಾಗಿ ಬರುತ್ತಾರೆ. ಅನ್ನದ ಗಂಜಿ, ಬಣ್ಣ, ಗಾಜಿನ ಪುಡಿ ಕಲಸಿದ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, ಗೂಟದಿಂದ ಗೂಟಕ್ಕೆ ನಡೆಯುತ್ತ ದಾರಕ್ಕೆ ಸವರುತ್ತಾರೆ. ಬೆರಳಿಗೆ ಬಟ್ಟೆ ಸುತ್ತಿದ್ದರೂ ಹಂಗಾಮು ಮುಗಿಯುವಷ್ಟರಲ್ಲಿ ಆ ಕೈಗಳಲ್ಲಿ ಗಾಯವಿಲ್ಲದ ಜಾಗ ಉಳಿದಿರುವುದಿಲ್ಲ. ದಾರದ ದಪ್ಪವನ್ನು ಎಳೆಯ ಲೆಕ್ಕದಲ್ಲಿ ಆರು ತಾರು, ಒಂಬತ್ತು ತಾರು, ಹನ್ನೆರಡು ತಾರು ಎಂದೂ ಉದ್ದವನ್ನು 'ವಾರ್' ಎಂಬ ಗಜದ ಲೆಕ್ಕದಲ್ಲಿಯೂ ಹೇಳುತ್ತಾರೆ. ಸೂರತ್ತಿನ ಮಾಂಜಾಕ್ಕೆ ರಾಜ್ಯದಲ್ಲೆಲ್ಲ ಹೆಸರು.

ಎರಡು ಪತಂಗಗಳ ದಾರ ಆಕಾಶದಲ್ಲಿ ಹೆಣೆದುಕೊಳ್ಳುವುದೇ ಪೇಚು. ಕಾದಾಟಕ್ಕೆ ಎರಡು ಮಾರ್ಗ: ದಾರವನ್ನು ಸರಸರನೆ ಬಿಡುತ್ತ ಹೋಗುವ 'ಢೀಲ್', ಕೈಬದಲಾಯಿಸಿ ರಭಸದಿಂದ ಎಳೆಯುವ 'ಖೇಂಚ್'. ಎರಡರ ಹಿಂದೆಯೂ ಇರುವ ತತ್ತ್ವ ಒಂದೇ. ಓಡುವ ದಾರವು ತನ್ನ ಸವೆತವನ್ನು ಉದ್ದಕ್ಕೂ ಹಂಚಿಕೊಳ್ಳುತ್ತದೆ. ನಿಂತ ದಾರವು ಒಂದೇ ಬಿಂದುವಿನಲ್ಲಿ ಸವೆದು ತುಂಡಾಗುತ್ತದೆ. ಆದ್ದರಿಂದ ಪೇಚಿನಲ್ಲಿ ಸೋಲುವವನು ಹರಿತ ಕಡಿಮೆಯಿದ್ದವನಲ್ಲ, ಕೈ ನಿಲ್ಲಿಸಿದವನು. ಢೀಲಿನಲ್ಲಿ ಗೆಲ್ಲಬೇಕಾದರೆ ಫಿರ್ಕಿ ಹಿಡಿದವರು ತಡೆಯಿಲ್ಲದೆ ದಾರ ಬಿಟ್ಟುಕೊಡಬೇಕು. ಒಂದು ಕ್ಷಣ ಫಿರ್ಕಿ ಸಿಕ್ಕಿಕೊಂಡರೆ ಪತಂಗ ಹೋಯಿತೆಂದೇ ಲೆಕ್ಕ. ಫಿರ್ಕಿ ಹಿಡಿಯುವುದು ಹೆಚ್ಚಾಗಿ ತಂಗಿ, ಹೆಂಡತಿ ಅಥವಾ ಮಗ. ಗೆದ್ದಾಗ ಹೆಸರು ಮಾತ್ರ ಹಾರಿಸಿದವನದು. ಈ ಅನ್ಯಾಯವನ್ನು ಸರಿಪಡಿಸಿದ ತಾರಸಿ ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಎದುರಾಳಿಯ ದಾರ ತುಂಡಾದೊಡನೆ ತಾರಸಿಯೆಲ್ಲ ಒಕ್ಕೊರಲಿನಿಂದ 'ಕಾಯ್ಪೋ ಛೇ' ಎಂದು ಕೂಗುತ್ತದೆ: ಕತ್ತರಿಸಿದೆ ಎಂದು. 2013ರಲ್ಲಿ ಬಂದ ಹಿಂದಿ ಚಲನಚಿತ್ರದ ಹೆಸರಾಗಿ ಈ ಕೂಗು ದೇಶಕ್ಕೆಲ್ಲ ಪರಿಚಯವಾಯಿತು. ಕನ್ನಡದಲ್ಲಿ ಇದೇ ಘಟನೆಗೆ ಇರುವ ಮಾತು 'ಸೂತ್ರ ಹರಿದ ಗಾಳಿಪಟ'. ಒಂದು ಭಾಷೆ ಕತ್ತರಿಸಿದವನ ಕಡೆ ನಿಂತು ಕೂಗಿದರೆ, ಇನ್ನೊಂದು ಹರಿದು ಹೋದ ಪಟದ ಕಡೆ ನಿಂತು ಮರುಗುತ್ತದೆ. ಎರಡೂ ಭಾಷೆಯಲ್ಲಿ ಬದುಕುವ ನಮ್ಮ ಮಕ್ಕಳಿಗೆ ಎರಡೂ ಕಡೆಯ ಅನುಭವವಿರುವುದು ಒಳ್ಳೆಯದೇ.

ಕತ್ತರಿಸಿ ಹೋದ ಪತಂಗ ಹಿಡಿದವರದು. ಇದು ಬರೆಯದ ಕಾನೂನು, ಇದಕ್ಕೆ ತಕರಾರಿಲ್ಲ. ತೂತು ಬಿದ್ದಿದ್ದರೆ ಗೋಂದು ಹಚ್ಚಿದ ಕಾಗದದ ಪಟ್ಟಿ, ಅಂದರೆ 'ಗುಂದರ್ ಪಟ್ಟಿ', ಅಂಟಿಸಿ ಮತ್ತೆ ಏರಿಸುತ್ತಾರೆ. ಕತ್ತಲಾದ ಮೇಲೆ ಒಂದು ದೊಡ್ಡ ಬಿಳಿಯ ಪತಂಗವನ್ನು ಎತ್ತರಕ್ಕೆ ಏರಿಸಿ, ಅದರ ದಾರಕ್ಕೆ ಸಾಲಾಗಿ ಕಾಗದದ ದೀಪಗಳನ್ನು ಕಟ್ಟುವ 'ತುಕ್ಕಲ್' ಸಂಪ್ರದಾಯದಲ್ಲಿ ಸ್ಪರ್ಧೆಯೇ ಇಲ್ಲ. ಆ ದಾರವನ್ನು ಕತ್ತರಿಸುವವರು ಪತಂಗಿಗಳೇ ಅಲ್ಲವೆಂದು ಹಳಬರು ಹೇಳುತ್ತಾರೆ.

ಪತಂಗದಿಂದ ವಿಮಾನಕ್ಕೆ

ದಾರ ಹರಿದ ಪತಂಗ ಹಾರುವುದಿಲ್ಲ, ಹೊರಳುತ್ತ ಬೀಳುತ್ತದೆ. ಏಕೆಂದರೆ ಅದರ ಸಮತೋಲದ ಅರ್ಧ ಭಾಗ ನಮ್ಮ ಕೈಯಲ್ಲಿತ್ತು. ದಾರವಿಲ್ಲದೆಯೂ ತಾನಾಗಿ ಸ್ಥಿರವಾಗಿ ಹಾರಬಲ್ಲ ಪತಂಗವನ್ನು ಮಾಡಬಹುದೇ ಎಂಬ ಪ್ರಶ್ನೆಯಿಂದಲೇ ವಿಮಾನ ಹುಟ್ಟಿತೆಂದರೆ ಉತ್ಪ್ರೇಕ್ಷೆಯಲ್ಲ. ಇಂಗ್ಲೆಂಡಿನ ಜಾರ್ಜ್ ಕೇಲಿ 1804ರಲ್ಲಿ ಒಂದು ಉದ್ದನೆಯ ಕೋಲಿನ ಮುಂಭಾಗಕ್ಕೆ ಸಾಧಾರಣ ಗಾಳಿಪಟವನ್ನೇ ರೆಕ್ಕೆಯಾಗಿ ಕಟ್ಟಿ, ಹಿಂಭಾಗಕ್ಕೆ ಅಡ್ಡ ಮತ್ತು ಲಂಬ ಹಲಗೆಗಳ ಬಾಲ ಜೋಡಿಸಿ ಗುಡ್ಡದ ಮೇಲಿಂದ ಬಿಟ್ಟ. ಮುಂದೆ ರೆಕ್ಕೆ, ಹಿಂದೆ ಬಾಲ ಎಂಬ ಇಂದಿನ ವಿಮಾನದ ವಿನ್ಯಾಸ ಅಲ್ಲಿಯೇ ಇದೆ. ಆಸ್ಟ್ರೇಲಿಯದ ಲಾರೆನ್ಸ್ ಹಾರ್ಗ್ರೇವ್ 1894ರ ನವೆಂಬರಿನಲ್ಲಿ ಪೆಟ್ಟಿಗೆಯಾಕಾರದ ನಾಲ್ಕು ಗಾಳಿಪಟಗಳಿಂದ ತನ್ನನ್ನೇ ನೆಲದಿಂದ ಮೇಲೆತ್ತಿಸಿಕೊಂಡ. ರೈಟ್ ಸೋದರರು ರೆಕ್ಕೆ ತಿರುಚಿ ವಾಲಿಸುವ ತಮ್ಮ ಉಪಾಯವನ್ನು 1899ರಲ್ಲಿ ಮೊದಲು ಪರೀಕ್ಷಿಸಿದ್ದು ಐದಡಿ ಅಗಲದ ಗಾಳಿಪಟದ ಮೇಲೆ.

ಈ ಪರಂಪರೆಯ ನೇರ ವಾರಸುದಾರ ಇಂದಿನ ಸ್ವತಂತ್ರ ಹಾರಾಟದ ಮಾದರಿ ವಿಮಾನ. ರೇಡಿಯೋ ನಿಯಂತ್ರಣದಿಂದ ನಡೆಸದೆ, ಬಿಟ್ಟ ಮೇಲೆ ತನ್ನಷ್ಟಕ್ಕೆ ಹಾರುವ ಈ ಮಾದರಿಗಳಿಗೆ ಅಂತರರಾಷ್ಟ್ರೀಯ ಸ್ಪರ್ಧೆಗಳಿವೆ. ಇವುಗಳಲ್ಲಿ ಎಂಜಿನ್ನಿಲ್ಲದ ಗ್ಲೈಡರುಗಳ ವಿಭಾಗ ಪತಂಗ ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. ಕನಿಷ್ಠ 410 ಗ್ರಾಂ ತೂಗುವ ಗ್ಲೈಡರನ್ನು 50 ಮೀಟರ್ ದಾರಕ್ಕೆ ಕಟ್ಟಿ, ಸ್ಪರ್ಧಿ ಓಡುತ್ತ ಗಾಳಿಪಟದಂತೆಯೇ ಮೇಲೇರಿಸುತ್ತಾನೆ. ಬಿಸಿಗಾಳಿ ಏಳುತ್ತಿರುವ ಜಾಗ ಕೈಗೆ ಸಿಕ್ಕಿದಂತಾದಾಗ ದಾರ ಕಳಚುತ್ತಾನೆ. ಅಲ್ಲಿಂದ ಮುಂದೆ ಗಡಿಯಾರದ ಲೆಕ್ಕ. ಒಂದು ಸುತ್ತಿಗೆ ಸಾಮಾನ್ಯವಾಗಿ ಮೂರು ನಿಮಿಷದವರೆಗೆ ಅಂಕ. ಆಮೇಲೆ ಬಾಲದ ರೆಕ್ಕೆ ತಾನಾಗಿ ಮೇಲಕ್ಕೆ ಮಡಿಚಿಕೊಂಡು ಮಾದರಿ ನೆಲಕ್ಕಿಳಿಯುವ ಏರ್ಪಾಡಿರುತ್ತದೆ, ಇಲ್ಲವಾದರೆ ಬಿಸಿಗಾಳಿಯಲ್ಲಿ ಸಿಕ್ಕಿ ಕಣ್ಮರೆಯಾಗಿಬಿಡುತ್ತದೆ. ರಬ್ಬರಿನ ಎಳೆಗಳನ್ನು ಹುರಿಗೊಳಿಸಿ ಹಾರಿಸುವ ಮಾದರಿಗಳಿಗೆ 1928ರಿಂದ ವೇಕ್‌ಫೀಲ್ಡ್ ಪಾರಿತೋಷಕವಿದೆ. ಇಂದಿನ ನಿಯಮದಂತೆ ಅವುಗಳಿಗೆ ಕೊಡುವ ರಬ್ಬರು 30 ಗ್ರಾಂ ಮಾತ್ರ. ಬಾಲ್ಸಾ ಮರ, ತೆಳು ಕಾಗದ, ಸಮತೋಲಕ್ಕಾಗಿ ಅಂಟಿಸುವ ಮೇಣದ ಚೂರು ಎಲ್ಲವೂ ಪತಂಗದ ಬಳಗವೇ. ನಮ್ಮ ಶಾಲಾ ಕಾಲೇಜುಗಳಲ್ಲಿ ಎನ್.ಸಿ.ಸಿ.ಯ ವಾಯು ವಿಭಾಗಕ್ಕೆ ಸೇರುವ ಮಕ್ಕಳಿಗೆ ಮಾದರಿ ವಿಮಾನ ತಯಾರಿಕೆ ತರಬೇತಿಯ ಒಂದು ಭಾಗವಾಗಿದೆ. ಸೂತ್ರ ಕಟ್ಟಿ ಅಭ್ಯಾಸವಿರುವ ಮಗು ಅಲ್ಲಿ ಗುರುತ್ವಕೇಂದ್ರವೆಂಬ ಪದಕ್ಕೆ ಹೆದರುವುದಿಲ್ಲ.

ಪತಂಗದ ಇತಿಹಾಸವನ್ನು ಒಂದೆಡೆ ಕಾಣಿಸುವ ಪ್ರಯತ್ನವೂ ನಮ್ಮ ನಗರದಲ್ಲಿ ನಡೆದಿದೆ. ಭಾನುಭಾಯಿ ಶಾಹ ಅವರು ತಮ್ಮ ಸಂಗ್ರಹವನ್ನು ನಗರಕ್ಕೆ ಒಪ್ಪಿಸಿದ್ದರಿಂದ, ಪಾಲಡಿಯಲ್ಲಿ ಲ ಕಾರ್ಬೂಸಿಯೇ ವಿನ್ಯಾಸಗೊಳಿಸಿದ ಸಂಸ್ಕಾರ ಕೇಂದ್ರದ ಕಟ್ಟಡದಲ್ಲಿ ಪತಂಗ ವಸ್ತುಸಂಗ್ರಹಾಲಯ ರೂಪುಗೊಂಡಿತು. 1989ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಪತಂಗ ಉತ್ಸವವು ಈಚಿನ ವರ್ಷಗಳಲ್ಲಿ ಸಾಬರಮತಿ ನದೀತೀರದಲ್ಲಿ ನಡೆಯುತ್ತ ಬಂದಿದೆ. ಅಲ್ಲಿ ಏರುವ ತಿಮಿಂಗಿಲ, ಡ್ರ್ಯಾಗನ್ನುಗಳು ನೋಡಲು ಸೊಗಸು. ಆದರೆ ಅದು ಪ್ರದರ್ಶನ, ಪೇಚಲ್ಲ.

ದಾರ ಯಾರ ಕೊರಳಿಗೆ?

ಈಗ ಅಹಿತವಾದರೂ ಹೇಳಲೇಬೇಕಾದ ವಿಷಯಕ್ಕೆ ಬರೋಣ. 'ಚೈನೀಸ್ ದೋರಿ' ಎಂದು ಜನ ಕರೆಯುವ ದಾರವು ನೈಲಾನಿನಂಥ ಕೃತಕ ಎಳೆಯಿಂದ ಮಾಡಿದ್ದು. ಹೆಸರು ಹಾಗಿದ್ದರೂ ನಮ್ಮ ದೇಶದಲ್ಲಿಯೇ ಧಾರಾಳವಾಗಿ ತಯಾರಾಗುತ್ತ ಬಂದಿದೆ. ಅಗ್ಗ, ಬಲು ಗಟ್ಟಿ. ಅದರ ಗಟ್ಟಿತನವೇ ಅದರ ದೋಷ. ಹತ್ತಿಯ ದಾರ ಯಾವುದಕ್ಕಾದರೂ ಸಿಕ್ಕಿ ಜಗ್ಗಿದರೆ ಒಂದು ಹಂತದಲ್ಲಿ ತುಂಡಾಗುತ್ತದೆ. ನೈಲಾನು ಹಿಗ್ಗುತ್ತದೆಯೇ ಹೊರತು ತುಂಡಾಗುವುದಿಲ್ಲ. ಅಷ್ಟರಲ್ಲಿ ಸಿಕ್ಕಿಕೊಂಡದ್ದು ಕೊಯ್ದುಹೋಗಿರುತ್ತದೆ. ಮಳೆ ಬಿಸಿಲಿಗೆ ಬೇಗ ಕೊಳೆಯುವುದೂ ಇಲ್ಲ; ಮರದಲ್ಲಿ ಉಳಿದದ್ದು ತಿಂಗಳುಗಟ್ಟಲೆ ಬಲೆಯಾಗಿಯೇ ಇರುತ್ತದೆ. ಲೋಹದ ಪುಡಿ ಹಚ್ಚಿದ್ದಾದರೆ ವಿದ್ಯುತ್ ತಂತಿಗೆ ತಗುಲಿದಾಗ ಹಾರಿಸುವವನ ಪ್ರಾಣಕ್ಕೇ ಸಂಚಕಾರ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರ ಜುಲೈ 11ರಂದು ನೈಲಾನ್ ಮತ್ತಿತರ ಕೃತಕ ದಾರಗಳ ಮಾಂಜಾವನ್ನು ದೇಶಾದ್ಯಂತ ನಿಷೇಧಿಸಿತು. ಅದರ ಮೇಲೆ ನಗರದ ಪೊಲೀಸರೂ ಪ್ರತಿ ವರ್ಷ ಹಬ್ಬಕ್ಕೆ ಮೊದಲು ಪ್ರಕಟಣೆ ಹೊರಡಿಸುತ್ತಾರೆ. ಯಾವ ಬಗೆಯ ದಾರಕ್ಕೆ ಆ ವರ್ಷ ಅನುಮತಿ, ಯಾವುದಕ್ಕಿಲ್ಲ ಎಂಬುದನ್ನು ಓದಿಯೇ ಕೊಳ್ಳಬೇಕು. ನಿಷೇಧವಿದ್ದರೂ ಗುಟ್ಟಿನ ಮಾರಾಟ ನಿಂತಿಲ್ಲ. ಕೊಳ್ಳುವವರು ಇರುವವರೆಗೆ ಅದು ನಿಲ್ಲುವುದೂ ಇಲ್ಲ, ಕೊಳ್ಳುವವರಲ್ಲಿ ಓದಿದವರ ಮನೆಯ ಮಕ್ಕಳೂ ಇದ್ದಾರೆ. ಪೇಚಿನ ತತ್ತ್ವವನ್ನು ಮೇಲೆ ವಿವರಿಸಿದ್ದು ಇದಕ್ಕಾಗಿಯೇ: ತುಂಡಾಗದ ದಾರ ಹಿಡಿದು ಆಡಿದವನಿಗೆ ಸೋಲಿಲ್ಲದಿರಬಹುದು, ಆದರೆ ಅವನು ಆಡಿದ್ದು ಪೇಚನ್ನಲ್ಲ.

ಜನವರಿ ತಿಂಗಳು ಗುಜರಾತಿಗೆ ವಲಸೆ ಹಕ್ಕಿಗಳ ಕಾಲವೂ ಹೌದು. ಪಾರಿವಾಳ, ಹದ್ದುಗಳಲ್ಲದೆ ಕೆಂಬರಲು, ಬಣ್ಣದ ಕೊಕ್ಕರೆ, ಕ್ರೌಂಚ, ಹೆಜ್ಜಾರ್ಲೆ, ಅಳಿವಿನಂಚಿನ ರಣಹದ್ದುಗಳೂ ದಾರಕ್ಕೆ ಸಿಕ್ಕಿವೆ. ಹಕ್ಕಿಗಳು ಗೂಡು ಬಿಟ್ಟು ಹೊರಡುವ, ಗೂಡಿಗೆ ಮರಳುವ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಮತ್ತು ಸಂಜೆ ಐದರ ಮೇಲೆ, ಪತಂಗ ಹಾರಿಸಬಾರದೆಂದು ಅರಣ್ಯ ಇಲಾಖೆ ಕೇಳಿಕೊಳ್ಳುತ್ತ ಬಂದಿದೆ. 2017ರಿಂದ ರಾಜ್ಯ ಸರಕಾರವು 'ಕರುಣಾ ಅಭಿಯಾನ'ವೆಂಬ ಹೆಸರಿನಲ್ಲಿ ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ಏರ್ಪಾಡು ಮಾಡುತ್ತಿದೆ. ಪ್ರಾಣಿಗಳ ಆಂಬುಲೆನ್ಸಿಗೆ 1962 ಸಂಖ್ಯೆಗೆ ಕರೆ ಮಾಡಬೇಕು. ಗಾಯಗೊಂಡ ಹಕ್ಕಿ ತಾರಸಿಗೆ ಬಿದ್ದರೆ ದಾರವನ್ನು ಎಳೆದು ಬಿಡಿಸಲು ಹೋಗಬಾರದು. ಎರಡೂ ಬದಿಗೆ ದಾರ ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು, ಬಾಯಿಗೆ ನೀರು ಹಾಕದೆ, ಸಹಾಯಕರು ಬರುವವರೆಗೆ ಕಾಯಬೇಕು.

ದ್ವಿಚಕ್ರ ವಾಹನದವರು ಈ ದಿನಗಳಲ್ಲಿ ಹ್ಯಾಂಡಲಿಗೆ ಕಮಾನಿನಂತೆ ತಂತಿ ಹಾಕಿಸಿಕೊಂಡು, ಕೊರಳಿಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡು ಓಡಾಡುತ್ತಾರೆ. ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವ ಅಭ್ಯಾಸವನ್ನು ಜನವರಿಯ ಮೊದಲ ಮೂರು ವಾರವಾದರೂ ಬಿಡಬೇಕು. ಮೇಲ್ಸೇತುವೆಗಳ ಮೇಲೆ ದಾರ ಸರಿಯಾಗಿ ಕೊರಳಿನ ಮಟ್ಟಕ್ಕೇ ಬರುತ್ತದೆ ಎಂಬುದನ್ನು ಮರೆಯಬಾರದು.

16ರ ಬೆಳಿಗ್ಗೆ ಒಂದು ಕೆಲಸ ಉಳಿದಿರುತ್ತದೆ. ತಾರಸಿ, ಗಿಡ, ಕೇಬಲ್ ತಂತಿಗಳಲ್ಲಿ ಸಿಕ್ಕ ದಾರವನ್ನೆಲ್ಲ ಉದ್ದನೆಯ ಕೋಲಿನಿಂದ ಬಿಡಿಸಿ, ವಿದ್ಯುತ್ ತಂತಿಯ ತಂಟೆಗೆ ಮಾತ್ರ ಹೋಗದೆ, ಗುಡ್ಡೆ ಹಾಕಿ, ಕತ್ತರಿಯಿಂದ ಚೂರುಚೂರು ಮಾಡಿ ಕಸಕ್ಕೆ ಹಾಕಬೇಕು. ಇಡಿಯಾಗಿ ಎಸೆದ ದಾರದ ಉಂಡೆ ದನಗಳ ಕಾಲಿಗೋ ನಾಯಿಯ ಕೊರಳಿಗೋ ಸುತ್ತಿಕೊಳ್ಳುತ್ತದೆ. ಉಳಿದ ಪತಂಗಗಳನ್ನು ಸೂತ್ರ ಬಿಚ್ಚದೆ, ಎರಡು ರಟ್ಟುಗಳ ನಡುವೆ ಮಟ್ಟಸವಾಗಿ ಇರಿಸಿದರೆ ಕೆಡುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ನಾಲ್ಕಾರನ್ನು ಅಣ್ಣತಮ್ಮಂದಿರ ಮಕ್ಕಳಿಗೆಂದು ಒಯ್ಯುವವರು ನಮ್ಮಲ್ಲಿ ಇದ್ದಾರೆ. ಆಷಾಢದಲ್ಲಿ ಹಾರಿಸುವ ಮೊದಲು ಕೆಳಗೊಂದು ಬಾಲಂಗೋಚಿ ಕಟ್ಟಿಕೊಳ್ಳುವಂತೆ ಅವರಿಗೆ ತಿಳಿಸಿರಬೇಕು. ಅಲ್ಲಿನ ಗಾಳಿಯ ರಭಸಕ್ಕೆ ಅಹಮದಾಬಾದಿನ ಕಮಾನು ತಡೆಯುವುದಿಲ್ಲ.